ಹಸಿರು ಗುರುತಿನ ಟಯರು

ನೀರು ಚೆಲ್ಲಿದ ಕಾಂಕ್ರೀಟಿನ ಮೇಲೆ ಅರವತ್ತರ ವೇಗದಲ್ಲಿ ಬರುತ್ತಿದ್ದ ವರದಾಳಿಗೆ, ಬ್ರೇಕ್ ಹಾಕಬೇಕಾದ ಬಿಳಿ ಗೆರೆಯ ಆಚೆ ಒಬ್ಬ ಗಂಡಸು ಬಗ್ಗಿ ನಿಂತಿರುವುದು ಕಂಡಿತು.

ಅದೂ ನಡುದಾರಿಯಲ್ಲಿ... ಅದೂ ಬೆನ್ನು ತಿರುಗಿಸಿಕೊಂಡು!

ಬೇರೆ ಯಾರಾದರೂ ಆಗಿದ್ದರೆ ಕಣ್ಣು ಮುಚ್ಚಿಕೊಂಡು ಬ್ರೇಕ್ ಅದುಮುತ್ತಿದ್ದರು, ಗಾಡಿಯ ಜೊತೆ ತಾವೂ ಉರುಳುತ್ತಿದ್ದರು. ವರದಾ ಕಣ್ಣು ಮುಚ್ಚಲಿಲ್ಲ. ಎರಡೂ ಬ್ರೇಕುಗಳನ್ನು ಹದವಾಗಿ ಒತ್ತಿದಳು. ಬೈಕು ಒಮ್ಮೆ ಅಲುಗಾಡಿತು, ಮತ್ತೆ ನೇರವಾಯಿತು. ನಿಂತಾಗ ಮುಂದಿನ ಚಕ್ರಕ್ಕೂ ಆ ಮನುಷ್ಯನ ಕಾಲಿಗೂ ನಡುವೆ ಒಂದು ಗೇಣು ಜಾಗವಿತ್ತು.

ಅವನು ತಿರುಗಿದ. ಮುಖದ ಬಣ್ಣ ಇಳಿದು ಹೋಗಿತ್ತು. ಆದರೆ ಅವನ ಕಣ್ಣು ಮೊದಲು ಹೋದದ್ದು ಅವಳ ಮುಖಕ್ಕಲ್ಲ, ಚಕ್ರಕ್ಕೆ.

"ಟಾಯರ್ ಭಾಳ ಚಲೋ ಹಿಡೀತು..." ತನಗೆ ತಾನೇ ಎಂಬಂತೆ ಕನ್ನಡದಲ್ಲಿ ಅಂದ.

ವರದಾ ಹೆಲ್ಮೆಟ್ ತೆಗೆದಳು. "ಟಾಯರ್ ಅಲ್ರಿ, ನಾ ಹಿಡದೆ."

ಆಗ ಅವನು ಅವಳನ್ನು ನೋಡಿದ.

"ತಪ್ಪಾತ್ರಿ. ಊಟಕ್ಕ ಬಿಟ್ಟೀರಿ ಅಂತ ಗೇಟಿನ್ಯಾಗ ಹೇಳಿದ್ರು. ನಾ ಪ್ರಣವ. ನಿಮ್ಮ ಜೋಡಿ ಗಾಡಿ ಓಡಸಾಕ ಬಂದೀನಿ."

'ಇವನಾ! ನನ್ನ ಜೊತೆ ತಿಂಗಳುಗಟ್ಟಲೆ ಓಡಿಸಬೇಕಾದವನು ಇವನಾ!' ವರದಾಳ ಮನಸ್ಸು ಹುಬ್ಬುಗಂಟಿಕ್ಕಿತು. ಆದರೆ ಅದೇ ಮನಸ್ಸಿನ ಇನ್ನೊಂದು ಮೂಲೆ ಸುಮ್ಮನಿರದೆ, ಇವನ ಕಣ್ಣು ಚೆನ್ನಾಗಿವೆ ಎಂದು ಆಗಲೇ ಗಮನಿಸಿಬಿಟ್ಟಿತ್ತು. ಮನಸ್ಸಿಗೆ ಯಾರು ಬ್ರೇಕ್ ಹಾಕುತ್ತಾರೆ ಹೇಳಿ?

ಶಿರೂರು ರಸ್ತೆಯ ಪಕ್ಕದ ಆ ಖಾಸಗಿ ಟ್ರ್ಯಾಕಿನಲ್ಲಿ ಅವರ ಪರಿಚಯ ಆದದ್ದು ಹೀಗೆ.

* * *

ವರದಾಳ ಕೆಲಸವೇ ಅದು. ಮರಾಠಿ ಸೀಮೆಯ ನಿಗಡಿ ಎಂಬಲ್ಲಿನ ಒಂದು ವರ್ಕ್‌ಶಾಪಿನಲ್ಲಿ ಮಧುಕರ್ ಅನ್ನುವವರು ಬೈಕ್ ಸವಾರರಿಗಾಗಿ ಒಂದು ವೆಬ್‌ಸೈಟ್ ನಡೆಸುತ್ತಿದ್ದರು. ಯಾವ ಟಯರು ಹೇಗಿದೆ ಎಂದು ಓಡಿಸಿ, ಸವೆಸಿ, ಅಳೆದು ಬರೆಯುವುದು ಅಲ್ಲಿನ ಕಸುಬು. ಮರಾಠಿ ಮಾತಿನ ಆ ವರ್ಕ್‌ಶಾಪಿನಲ್ಲಿ ಧಾರವಾಡ ಮೂಲದ ವರದಾ ಒಬ್ಬಳೇ ಕನ್ನಡದವಳು, ಒಬ್ಬಳೇ ಹೆಂಗಸು ಕೂಡ.

ಅವಳು ಎಷ್ಟು ಚೆನ್ನಾಗಿ ಬರೆದರೂ ಓದುಗರ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ. 'ಬರೆದದ್ದು ಮೇಡಂ ಇರಬಹುದು, ನಿಜವಾಗಿ ಓಡಿಸಿದವರು ಯಾರು?'

ಓಡಿಸಿದವಳೂ ಅವಳೇ! ಸುಡುಬಿಸಿಲಿನಲ್ಲಿ, ಟ್ಯಾಂಕರುಗಳ ನಡುವೆ, ಮಳೆಯಲ್ಲಿ. ಆದರೆ ಯಾರೂ ನಂಬುತ್ತಿರಲಿಲ್ಲ. ಈ ಸಲ ಮಧುಕರ್ ಸರ್ ಅವಳ ಕೈಗೆ ದೊಡ್ಡ ಹೋಲಿಕೆಯನ್ನೇ ಕೊಟ್ಟಿದ್ದರು. ಎರಡು ಕಂಪನಿಗಳ ಸ್ಪೋರ್ಟ್ ಟೂರಿಂಗ್ ಟಯರುಗಳು. ತಿರುವಿನಲ್ಲಿ ಗಟ್ಟಿಯಾಗಿ ಹಿಡಿಯಲೂಬೇಕು, ದೂರದೂರಕ್ಕೆ ಬಾಳಿಕೆ ಬರಲೂಬೇಕು ಎನ್ನುವ ಸವಾರರು ಕೊಳ್ಳುವ ಟಯರುಗಳಿವು. ಫಲಿತಾಂಶದ ಮೇಲೆ ಅವಳೊಬ್ಬಳದೇ ಹೆಸರು. ಅವಳ ಮಾತು ರಸ್ತೆಯ ಮೇಲೆ ನಡೆಯುತ್ತದೋ ಇಲ್ಲವೋ ಎಂಬುದು ಇದರಿಂದಲೇ ತೀರ್ಮಾನವಾಗಬೇಕಿತ್ತು.

ಕಂಪನಿಯ ಹೆಸರು ಕಾಣದಂತೆ ಒಂದು ಜೋಡಿಗೆ ಕೆಂಪು ಬಣ್ಣದ ಗುರುತು, ಇನ್ನೊಂದಕ್ಕೆ ಹಸಿರು. ಒಂದೇ ಥರದ ಎರಡು ಬೈಕು. ಇಬ್ಬರು ಸವಾರರು.

"ಒಂದ ನಿಯಮ ಅದರಿ," ಮೊದಲ ದಿನವೇ ವರದಾ ಪ್ರಣವನಿಗೆ ಹೇಳಿದ್ದಳು. "ಎಲ್ಲಿ ಚಹಾಕ್ಕ ನಿಂತರೂ ಗಾಡಿ ಅದಲು ಬದಲು. ಕೆಂಪಿನ ಮ್ಯಾಲ ಬಂದವರು ಹಸಿರು ತಗೋಬೇಕು."

"ಗೊತ್ತದರಿ. ಇಬ್ಬರ ಕೈಯಾಗ ಟಾಯರ್ ಒಂದ ಥರಾ ಸವಿಯೂದಿಲ್ಲ."

"ಹೌದು. ನಾ ತಿರುವಿನ್ಯಾಗ ಭಾಳ ವಾಲತೀನಿ. ನಂದು ಅಂಚು ಸವೀತದ."

"ನಂದು ಬ್ರೇಕ್ ತಡಾ. ಮುಂದಿಂದು ಹಾಳ ಮಾಡತೀನಿ." ಪ್ರಣವ ನಕ್ಕ. "ಕಾರ್ಖಾನಿಯೊಳಗ ಇದ್ದಾಗನ ನನ್ನ ಗಾಡಿ ಟಾಯರ್ ನೋಡಿ ಎಲ್ಲಾರೂ ಬೈತಿದ್ರು."

ಬೆಳಗಾವಿಯ ಹುಡುಗ. ಟಯರ್ ಕಾರ್ಖಾನೆಯ ಕೆಲಸ ಬಿಟ್ಟು, ತಾನು ಮಾಡಿದ್ದನ್ನು ತಾನೇ ಓಡಿಸಿ ನೋಡಬೇಕೆಂದು ಬಂದಿದ್ದ. ಅವನೊಬ್ಬನೇ ಯಾವತ್ತೂ 'ನೀವೇ ಓಡಸ್ತೀರೇನು' ಎಂದು ಕೇಳಲಿಲ್ಲ.

ಕುರಕುಂಭದ ಕಡೆಯ ನೇರ ಹೆದ್ದಾರಿ, ತಾಮ್ಹಿಣಿ ಘಾಟಿನ ತಿರುವುಗಳು. ಬೇಸಿಗೆಯೆಲ್ಲ ಇವೆರಡರಲ್ಲೇ ಕಳೆಯಿತು. ಚಹಾ ಅಂಗಡಿಯ ಬೆಂಚಿನ ಮೇಲೆ ಕೀಲಿ ಕೈ ಬದಲಾಗುತ್ತಿತ್ತು.

"ಕೆಂಪು ಹೆಂಗನಸ್ತು?" ಅವನು ಕೇಳುತ್ತಿದ್ದ.

"ತಿರುವಿನ್ಯಾಗ ಕೇಳಿದ್ದ ಕೊಡತದ. ಆದ್ರ ಲಗೂನ ಸವೀತದ. ಹಸಿರು?"

"ಗಟ್ಟಿ ಅದ. ಬಿಸಿ ಆಗೂತನಕಾ ಸ್ವಲ್ಪ ಮುಖಾ ಊದಿಸ್ಕೊಂಡಿರತದ." ಆಮೇಲೆ ಮೆಲ್ಲಗೆ, "ಯಾರಿಗೋ ಹೋಲತದ."

"ಯಾರಿಗ್ರಿ?"

"ಹೇಳಿದ್ರ ಚಹಾ ಮೈಮ್ಯಾಲ ಬೀಳತದ. ಬ್ಯಾಡ."

ವರದಾ ಮುಖ ಆ ಕಡೆ ತಿರುಗಿಸಿ ನಗುತ್ತಿದ್ದಳು. ಮೊದಮೊದಲು ಅವಳು ನಿಲ್ಲುತ್ತಿದ್ದದ್ದು ಚಹಾಕ್ಕಾಗಿ. ಬರಬರುತ್ತಾ ಚಹಾ ಆರಿ ಹೋದರೂ ಗೊತ್ತಾಗುತ್ತಿರಲಿಲ್ಲ. 'ಇದು ಏನು ನಡೀತಿದೆ ನನಗೆ...' ಎಂದು ಹೆಲ್ಮೆಟಿನೊಳಗೆ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಉತ್ತರ ಗೊತ್ತಿದ್ದ ಪ್ರಶ್ನೆಯೇ ಅದು.

* * *

ಮಳೆಗಾಲ ಬಂತು. ಟಯರುಗಳು ಅರ್ಧಕ್ಕಿಂತ ಹೆಚ್ಚು ಸವೆದಿದ್ದವು.

ಅಲ್ಲಿಂದ ಪ್ರಣವ ಬದಲಾದ.

ಘಾಟ್ ಶುರುವಾಗುವ ಮೊದಲಿನ ಅಂಗಡಿಯಲ್ಲಿ ನಿಂತಾಗೆಲ್ಲ ಅವನಿಗೆ ಏನಾದರೊಂದು ನೆಪ. ಒಂದು ದಿನ ಹಸಿರು ಬೈಕಿಗೆ ಚೀಲ ಬಿಗಿದಾಗಿದೆ, ಬಿಚ್ಚುವುದು ಬೇಡ ಎಂದ. ಇನ್ನೊಂದು ದಿನ ಚೈನು ಸದ್ದು ಮಾಡುತ್ತಿದೆ, ಕೇಳಬೇಕು ಎಂದ. ಮತ್ತೊಂದು ದಿನ ಅವಳು ಚಹಾ ಮುಗಿಸುವ ಮೊದಲೇ ಹಸಿರನ್ನೇರಿ ಹೊರಟುಬಿಟ್ಟ.

"ಘಾಟ್ ಇಳದ ಮ್ಯಾಲ ಬದಲೀ ಮಾಡೂಣ್ರಿ," ಅನ್ನುತ್ತಿದ್ದ. ಬದಲಿಯನ್ನೂ ಮಾಡುತ್ತಿದ್ದ, ನೇರ ರಸ್ತೆಯಲ್ಲಿ.

ಇಂಥ ಕಡೆ ವರದಾ ಎಷ್ಟು ಕಟ್ಟುನಿಟ್ಟಿನವಳು! ಬೇರೆ ಯಾರೇ ಆಗಿದ್ದರೂ ಎರಡನೇ ಸಲಕ್ಕೇ ಕೀಲಿ ಕಸಿದುಕೊಳ್ಳುತ್ತಿದ್ದಳು. ಆದರೆ ಪ್ರಣವ ನಕ್ಕರೆ ಅವಳ ಲೆಕ್ಕ ತಪ್ಪುತ್ತಿತ್ತು. ಪ್ರೀತಿ ಕಣ್ಣು ಕಟ್ಟುವುದು ಅಂದರೆ ಇದೇ ಇರಬೇಕು.

ಒಂದು ದಿನ ಅವನು ಘಾಟ್ ಇಳಿದು ಬಂದಾಗ ಬಹಳ ತಡವಾಗಿತ್ತು. ಪ್ಯಾಂಟಿನ ಎಡಮೊಣಕಾಲಿನವರೆಗೂ ಕೆಸರು.

"ಏನಾತ್ರಿ?"

"ಏನಿಲ್ರಿ. ಹೆಲ್ಮೆಟಿನ ಗಾಜು ಒರಸಾಕ ನಿಂತಿದ್ದೆ. ಕಾಲು ರಾಡಿಯೊಳಗ ಇಟ್ಟೆ."

ಅವಳು ನಂಬಿದಳು.

* * *

ಶ್ರಾವಣದ ಒಂದು ಬೆಳಿಗ್ಗೆ, ನಿಗಡಿಯ ವರ್ಕ್‌ಶಾಪಿನಲ್ಲಿ ಟಯರುಗಳನ್ನು ಬಿಚ್ಚಿ ಸಾಲಾಗಿ ಮಲಗಿಸಿದ್ದರು. ವರದಾ ಗೇಜು ಹಿಡಿದು ಗೆರೆಗಳ ಆಳ ಅಳೆಯುತ್ತಾ ಬಂದಳು. ಕೆಂಪಿನಲ್ಲಿ ಉಳಿದದ್ದು ಕಡಿಮೆ. ಹಸಿರಿನಲ್ಲಿ ಇನ್ನೂ ಎಷ್ಟೋ ಇತ್ತು.

"ಹಿರವಾ ಜಿಂಕಲಾ!" ಹಸಿರು ಗೆದ್ದಿತು ಎಂದು ಮಧುಕರ್ ಸರ್ ಕೈ ತಟ್ಟಿದರು. ಸಂಜೆಯೊಳಗೆ ಬರೆದುಕೊಡು ಎಂದು ಹೇಳಿ ಹೋದರು.

ವರದಾ ಹೂಂ ಅಂದಳು. ಆದರೆ ಕೈ ಮಾತ್ರ ಟಯರಿನ ಮೇಲಿಂದ ಏಳಲಿಲ್ಲ. ಅಂಗೈಯನ್ನು ಕೆಂಪು ಟಯರಿನ ನಡುವಿನಿಂದ ಅಂಚಿಗೆ ಸರಿಸಿದಳು. ಅಂಚು ತೆಳ್ಳಗಾಗಿತ್ತು. ಇದು ತನ್ನ ವಾಲುವಿಕೆ, ಅವಳಿಗೆ ಚೆನ್ನಾಗಿ ಗೊತ್ತು. ಹಸಿರಿನ ಮೇಲೆ ಕೈಯಾಡಿಸಿದಳು. ನಡುಭಾಗ ಚಪ್ಪಟೆ. ಅಂಚು ಬೇಸಿಗೆಯಲ್ಲಿ ಸವೆದಷ್ಟೇ, ಆಮೇಲೆ ಸವೆದೇ ಇಲ್ಲ ಎನ್ನಬೇಕು! ಹಸಿರಿನ ಮುಂದಿನ ಟಯರು ಮುಟ್ಟಿದರೆ ಗರಗಸದ ಹಲ್ಲಿನ ಹಾಗೆ ಬೆರಳಿಗೆ ತಾಗಿತು. ತಡವಾಗಿ ಹಾಕುವ ಬ್ರೇಕು. ಇದು ಪ್ರಣವನ ಕೈ.

ಕೆಂಪಿನ ತುಂಬ ಅವಳು. ಹಸಿರಿನ ತುಂಬ ಅವನು.

ಇಬ್ಬರೂ ಸಮನಾಗಿ ಓಡಿಸಿದ್ದರೆ ಎರಡರ ಮೇಲೂ ಇಬ್ಬರೂ ಇರಬೇಕಿತ್ತು... ಅಂದರೆ ಗೆದ್ದದ್ದು ಹಸಿರಲ್ಲ. ತಿರುವುಗಳಲ್ಲಿ ಕೆಂಪನ್ನು ತಾನೊಬ್ಬಳೇ ಸವೆಸಿದ್ದಳು, ಅಷ್ಟೇ. ಇದಕ್ಕೆ ತನ್ನ ಹೆಸರು ಹಾಕಿದರೆ ಸಾವಿರಾರು ಸವಾರರಿಗೆ ಸುಳ್ಳು ಹೇಳಿದ ಹಾಗೆ.

ಅವಳಿಗೆ ಆ ನೆಪಗಳೆಲ್ಲ ಒಂದೊಂದಾಗಿ ನೆನಪಾದವು. ಚೀಲ. ಚೈನು. ಚಹಾ ಮುಗಿಯುವ ಮೊದಲೇ ಹೊರಟದ್ದು.

ಪ್ರಣವ ಒಳಗೆ ಬಂದಾಗ ಅವಳು ಎದ್ದು ನಿಂತಳು.

"ಮಳಿ ಸುರು ಆದ ಮ್ಯಾಲ ಘಾಟಿನೊಳಗ ಹಸಿರು ನಂಗ ಒಮ್ಮೆಯಾದ್ರೂ ಬಂತೇನ್ರಿ?"

ಅವನು ಸಾಲಾಗಿ ಮಲಗಿದ್ದ ಟಯರುಗಳನ್ನು ನೋಡಿದ. ಅರ್ಥವಾಯಿತು. "ಇಲ್ಲ."

"ಬೇಕಂತ ಮಾಡಿದ್ರೋ?"

"ಹೌದು."

"ಕಾರ್ಖಾನಿಯೊಳಗ ಇದ್ದವರು. ಬಣ್ಣಾ ಹಚ್ಚಿದ್ರೂ ಯಾರ ಟಾಯರ್ ಅಂತ ನಿಮಗ ಗೊತ್ತಿತ್ತು." ಅವಳ ದನಿ ನಡುಗಲಿಲ್ಲ. ನಡುಗಬಾರದೆಂದು ಹಟ ಹಿಡಿದಿದ್ದಳು. "ಹಸಿರು ಗೆಲ್ಲಬೇಕಾಗಿತ್ತು, ಹೌದಲ್ಲೋ?"

ಪ್ರಣವ ನಿಜ ಹೇಳಿಬಿಡಬಹುದಿತ್ತು. ಆದರೆ ನಿಜ ಏನೆಂದು ಅವನೊಬ್ಬನಿಗೇ ಗೊತ್ತಿತ್ತು. 'ನಿಜವಾಗಿ ಓಡಿಸಿದವರು ಯಾರು' ಎಂಬ ಪ್ರಶ್ನೆ ಓದುವಾಗ ಅವಳ ಮುಖ ಏನಾಗುತ್ತದೆ ಎಂದು ಅವನು ಕಂಡಿದ್ದ. ನಿಜ ಹೇಳಿದರೆ ತಾನೂ ಅವಳ ಮೇಲೆ ನಂಬಿಕೆಯಿಲ್ಲದವರ ಸಾಲಿನಲ್ಲಿ ನಿಲ್ಲಬೇಕು. ಅದಕ್ಕಿಂತ ಕಳ್ಳ ಅನ್ನಿಸಿಕೊಳ್ಳುವುದೇ ಹಗುರ ಅನ್ನಿಸಿತು ಆ ಹುಚ್ಚನಿಗೆ.

"ತಪ್ಪು ನಂದರಿ," ಅಂದ. "ನನ್ನ ಈ ಕೆಲಸದಿಂದ ತಗೀರಿ."

ಹೊರಟು ಹೋದ. ಹಿಂದೆ ನೋಡಲಿಲ್ಲ.

ವರದಾ ಅಳಲಿಲ್ಲ. ಆ ಕ್ಷಣಕ್ಕೆ ಕೋಪವೊಂದೇ ಇತ್ತು. 'ಎಷ್ಟು ನಂಬಿದ್ದೆ ಇವನನ್ನ... ಎಷ್ಟು!' ಚಕ್ರವಿಲ್ಲದೆ ಸ್ಟ್ಯಾಂಡಿನ ಮೇಲೆ ನಿಂತಿದ್ದ ಹಸಿರು ಬೈಕಿನ ಕಡೆ ತಿರುಗಿದಳು, ಅದೂ ತನಗೆ ಮೋಸ ಮಾಡಿದೆ ಎನ್ನುವಂತೆ.

ಎಡಗಡೆ ಕಾಲಿಡುವ ಕಡ್ಡಿಯ ತುದಿ ಉಜ್ಜಿ ಹೋಗಿತ್ತು.

ಬಗ್ಗಿ ನೋಡಿದಳು. ತೊಳೆದು ಒರೆಸಿದ್ದರೂ ಅದರ ಸಂದಿಯಲ್ಲಿ ಘಾಟಿನ ಕೆಂಪು ಮಣ್ಣು ಉಳಿದಿತ್ತು. ಬಿಚ್ಚಿಟ್ಟ ಹಿಂದಿನ ಟಯರನ್ನು ಹೊರಳಿಸಿದಳು. ಎಡಪಕ್ಕದಲ್ಲಿ ಕಲ್ಲಿಗೆ ಉಜ್ಜಿದ ಗೀರು.

ಈ ಗಾಡಿ ಬಿದ್ದಿದೆ. ಎಡಕ್ಕೆ. ಮಳೆಯಲ್ಲಿ.

ಎಡಮೊಣಕಾಲಿನವರೆಗಿನ ಆ ಕೆಸರು...

ವರದಾ ಅಲ್ಲೇ ನೆಲದ ಮೇಲೆ ಕೂತಳು. ಹಸಿರನ್ನು ಗೆಲ್ಲಿಸಬೇಕು ಅಂತಿದ್ದವನು ಅದರ ಮುಂದಿನ ಟಯರನ್ನು ಬ್ರೇಕ್ ಹಾಕಿ ಹಾಕಿ ಹಾಳು ಮಾಡುತ್ತಾನೆಯೇ? ಹಾಗಿದ್ದರೆ ಮೆತ್ತಗೆ ಓಡಿಸುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಗೆಲುವಲ್ಲ. ಸವೆದ ಹಸಿರು ನೀರಿನಲ್ಲಿ ಜಾರುತ್ತದೆ, ಟಯರ್ ಕಾರ್ಖಾನೆಯಲ್ಲಿದ್ದ ಅವನಿಗೆ ಅದು ಮೊದಲೇ ತಿಳಿದಿತ್ತು. ಬಿದ್ದ ಮೇಲೂ ಅದನ್ನೇ ಏರಿದ. ಅವಳು ಏರಬಾರದೆಂದು.

ಈಗ ಅವಳಿಗೆ ಅಳು ಬಂತು. ಜೊತೆಗೆ ಮೊದಲಿಗಿಂತ ದೊಡ್ಡ ಕೋಪವೂ ಬಂತು.

* * *

"ಆ ಹುಡುಗ ಒಂದ ದಿನಾನೂ ಮನೀಗೆ ಬರಲಿಲ್ಲಲ್ಲ," ರಾತ್ರಿ ಊಟಕ್ಕೆ ಬಡಿಸುತ್ತಾ ತಾಯಿ ಇಂದೂ ಅವರು ಅಂದರು. ಮಗಳ ಕೆಂಪಗಾದ ಕಣ್ಣುಗಳನ್ನು ಅವರು ಆಗಲೇ ನೋಡಿದ್ದರು. "ಜಗಳಾ ಮಾಡಿದ್ಯೇನು?"

"ಮಾಡೀನಿ. ನಾಳೆ ಇನ್ನೊಂದ ಮಾಡಾಕ್ಕಿದೀನಿ."

"ಮಾಡವಾ. ಜಗಳಾ ಮಾಡೂ ಅಷ್ಟು ಯಾವಾಗರೆ ಯಾರ್ನರೆ ಹಚ್ಕೊಂಡಿದ್ದಿ?" ತಾಯಿ ಜೋಳದ ಭಕ್ಕರಿಯ ಮೇಲೆ ಬೆಣ್ಣೆ ಇಟ್ಟರು. "ಉಂಡ ಮಲ್ಕೊ. ಜಗಳಕ್ಕೂ ಶಕ್ತಿ ಬೇಕು."

ವರದಾ ಉಂಡಳು. ಆಮೇಲೆ ಮಧುಕರ್ ಸರ್‌ಗೆ ಫೋನ್ ಮಾಡಿ, ಬಾಳಿಕೆಯ ಅಳತೆ ತಪ್ಪಾಗಿದೆ, ಅದನ್ನು ಪ್ರಕಟಿಸುವಂತಿಲ್ಲ, ಹೊಸ ಟಯರು ಹಾಕಿ ಮೊದಲಿನಿಂದ ಓಡಿಸಬೇಕು ಎಂದು ಹೇಳಿದಳು. ಅವರು ಕೂಗಾಡಿದರು. ಅವಳು ಪೂರ್ತಿ ಕೇಳಿಸಿಕೊಂಡು, "ಅದರ ಮೇಲಿರೋದು ನನ್ನ ಹೆಸರು ಸರ್" ಎಂದಷ್ಟೇ ಮರಾಠಿಯಲ್ಲಿ ಅಂದಳು. ಅವರು ಒಪ್ಪಿದರು.

ಎರಡನೇ ಫೋನು ಪ್ರಣವನಿಗೆ.

"ನಾಳೆ ಮುಂಜಾನೆ ತಾಮ್ಹಿಣಿ. ಹಳೀ ಟಾಯರ್ ಮತ್ತ ಹಾಕಸ್ತೀನಿ. ಹಸಿರು ನಂದು."

"ವರದಾ ಅವರ... ಬ್ಯಾಡ್ರಿ. ಅದು ಜಾರತದ."

"ಎಲ್ಲಿ ಬಿದ್ರಿ?"

"ಎರಡನೇ ಝರಿ ದಾಟಿದ ಕೂಡಲೇ, ಎಡಕ್ಕಿನ ತಿರುವು. ಬ್ರೇಕ್ ಹಾಕಿದ್ದಿಲ್ಲರಿ. ಹಿಂದಿಂದು ತಾನ ಹೋತು."

"ಆ ಮಾತು ನಂಗ ಅವತ್ತ ಬೇಕಾಗಿತ್ತು. ಬರ್ರಿ ನಾಳೆ. ನನ್ನ ಹಿಂದ ಇರ್ರಿ. ಮುಂದ ಹೋಗಬ್ಯಾಡ್ರಿ."

* * *

ಘಾಟಿನಲ್ಲಿ ಮಳೆ ಜಿಟಿಜಿಟಿ ಹಿಡಿದಿತ್ತು. ರಸ್ತೆಯ ಮೇಲೆ ತೆಳುವಾಗಿ ನೀರು ಹರಿಯುತ್ತಿತ್ತು. ಮುಂದೆ ಹಸಿರಿನ ಮೇಲೆ ವರದಾ, ಹಿಂದೆ ಕೆಂಪಿನ ಮೇಲೆ ಪ್ರಣವ.

ಮೊದಲ ಝರಿ ದಾಟಿತು. ಎರಡನೆಯದೂ ದಾಟಿತು. ಎಡತಿರುವು ಬಂತು. ಪ್ರಣವನಿಗೆ ಕೂಗಿಬಿಡಬೇಕು ಅನ್ನಿಸಿತು. ತುಟಿ ಕಚ್ಚಿಕೊಂಡ.

ಅವಳು ವಾಲಿದಳು. ಹಿಂದಿನ ಚಕ್ರ ಜಾರಿತು!

ಆದರೆ ಅವಳು ಬ್ರೇಕ್ ಮುಟ್ಟಲಿಲ್ಲ, ಗಾಬರಿಯಿಂದ ಆಕ್ಸಿಲರೇಟರ್ ಕೂಡ ಬಿಡಲಿಲ್ಲ. ಒಂದು ಎಳೆಯಷ್ಟೇ ಸಡಿಲಿಸಿದಳು. ದೇಹ ಒಳಗೆ ಬಗ್ಗಿಸಿ ಬೈಕನ್ನು ನೆಟ್ಟಗೆ ಏಳಗೊಟ್ಟಳು. ಚಕ್ರ ಮತ್ತೆ ನೆಲ ಹಿಡಿಯಿತು. ತಿರುವು ಮುಗಿಯಿತು.

ಮುಗಿಯಿತು ಎಂದುಕೊಂಡ ಅವನು. ಎಲ್ಲಿ! ಅವಳು ಬೈಕು ತಿರುಗಿಸಿ ಮೇಲೆ ಹೋಗಿ ಮತ್ತೆ ಬಂದಳು, ಸ್ವಲ್ಪ ನಿಧಾನಕ್ಕೆ. ಮತ್ತೂ ಜಾರಿತು, ಕಡಿಮೆ. ಇನ್ನೂ ನಿಧಾನಕ್ಕೆ ಇನ್ನೊಮ್ಮೆ ಬಂದಳು. ಈಗ ಜಾರಲಿಲ್ಲ. ಎಷ್ಟು ವೇಗಕ್ಕೆ ಬಿಡುತ್ತದೆ, ಎಷ್ಟಕ್ಕೆ ಹಿಡಿಯುತ್ತದೆ ಎಂದು ಅವಳಿಗೆ ಗೊತ್ತಾಯಿತು. ಆಮೇಲೆ ಅವನನ್ನು ಇಳಿಸಿ, ಕೆಂಪನ್ನೇರಿ ಅದೇ ತಿರುವನ್ನು ಅಷ್ಟೇ ಸಲ ಹಾಯ್ದಳು. ಅದು ಸವೆದು ತೆಳ್ಳಗಾಗಿದ್ದರೂ ಒಮ್ಮೆಯೂ ಜಾರಲಿಲ್ಲ.

ಪ್ರಣವ ರಸ್ತೆಯ ಬದಿಗೆ ಮಳೆಯಲ್ಲಿ ನೆನೆಯುತ್ತಾ ನಿಂತು ನೋಡಿದ. ಅವನೊಳಗೆ ಭಯ ಹೋಗಲಿಲ್ಲ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಬಂದು ಕೂತಿತು, ಹೆಮ್ಮೆ.

ಮೇಲಿನ ಚಹಾ ಅಂಗಡಿಯ ತಗಡಿನ ಕೆಳಗೆ ಇಬ್ಬರೂ ನಿಂತರು. ಅಂಗಡಿಯವನು ಒಳಗೆ ಒಲೆ ಹೊತ್ತಿಸುತ್ತಿದ್ದ.

"ಬರಕೋರಿ," ವರದಾ ಅಂದಳು. "ಹಸಿರು ಬಾಳಿಕಿ ಬರಬಹುದು. ಆದ್ರ ಅರ್ಧಾ ಸವದ ಮ್ಯಾಲ ಮಳಿಯೊಳಗ ನಂಬಬ್ಯಾಡ್ರಿ ಅಂತ ನಾ ಹೇಳತೀನಿ. ಇದು ಈ ಹೋಲಿಕಿಯೊಳಗ ಎಲ್ಲಾಕ್ಕಿಂತ ದೊಡ್ಡ ಮಾತು. ಇದನ್ನ ನೀವು ಮುಚ್ಚಿಟ್ರಿ."

"ಹೌದು."

"ನನ್ನ ಮ್ಯಾಲ ನಂಬಿಕಿ ಇದ್ದಿಲ್ಲ ನಿಮಗ."

"ನಿಮ್ಮ ಮ್ಯಾಲ ಇತ್ತರಿ. ಟಾಯರ್ ಮ್ಯಾಲ ಇದ್ದಿಲ್ಲ."

"ಟಾಯರ್ ನಂಬಬೇಕೋ ಬ್ಯಾಡೋ ಅಂತ ಹೇಳೂದು ನನ್ನ ಕೆಲಸ ಪ್ರಣವ. ಅದನ್ನ ನೀವು ಕಸಗೊಂಡ್ರಿ. ಬ್ಯಾರೇದವರು ನಾ ಓಡಸಿಲ್ಲ ಅಂತಿದ್ರು, ಅದು ಸುಳ್ಳು ಇತ್ತು. ನೀವು ಅದನ್ನ ಖರೇ ಮಾಡಿಬಿಟ್ರಿ."

ಅವನು ತಲೆ ತಗ್ಗಿಸಿದ. ಈ ಮಾತು ಅವನಿಗೆ ತಿವಿಯಬೇಕಾದ ಜಾಗಕ್ಕೇ ತಿವಿಯಿತು.

"ನಾ ಬಿದ್ದಾಗ," ನಿಧಾನವಾಗಿ ಅಂದ, "ನೆಲದ ಮ್ಯಾಲ ಬಿದ್ಕೊಂಡು ಒಂದ ವಿಚಾರ ಬಂತು. ಇಲ್ಲಿ ಇವರು ಇದ್ದಿದ್ರ... ಅಂತ. ಅದರ ಮುಂದ ವಿಚಾರ ಮಾಡಾಕ ಆಗಲಿಲ್ಲ. ಜಾರತದ ಅಂತ ಮೊದಲ ಸಂಶೇ ಇತ್ತು, ಅವತ್ತಿನಿಂದಂತೂ ಆ ಕೀಲಿ ಕೈ ಬಿಡಲೇ ಇಲ್ಲ ನಾ. ಭಾಳ ಪ್ರೀತಿ ಮಾಡತೀನಿ ವರದಾ ನಿಮ್ಮನ್ನ. ಅದು ನೆಪ ಅಲ್ಲ. ತಪ್ಪಂತೂ ಮಾಡೀನಿ."

ಮಳೆಯ ಸದ್ದು ತಗಡಿನ ಮೇಲೆ ಜೋರಾಯಿತು. ವರದಾಳ ಕಣ್ಣು ತುಂಬಿ ಬಂದವು, ಒರೆಸಿಕೊಳ್ಳಲಿಲ್ಲ. ಎಷ್ಟು ದಿನದಿಂದ ಕಾದಿದ್ದ ಮಾತು ಇದು! ಬಂದದ್ದು ಇಂಥ ಜಗಳದ ನಡುವೆ.

"ಎಲ್ಲಾ ಮೊದಲಿಂದ ಓಡಸಬೇಕು," ಅಂದಳು. "ಮುಂದಿನ ಮಳಿಗಾಲದ ತನಕಾ."

"ನನ್ನ ತಗದೀರಲ್ಲ?"

"ತಗೀರಿ ಅಂದವರು ನೀವು. ನಾ ಹೂಂ ಅಂದೆನೇನು?"

ಅವನು ಮುಖ ಎತ್ತಿ ಕೇಳಿದ.

"ಒಂದ ಕೇಳತೀನಿ. ಇನ್ನ ಮ್ಯಾಲೂ ಅಂಜಿಕಿ ಆಗತದ ನಂಗ. ಏನ ಮಾಡ್ಲಿ?"

"ಅಂಜಿಕಿ ಆದ್ರ ನನ್ನ ಮುಂದ ಹೇಳ್ರಿ. ಅಂಜಿಕಿ ಹೇಳ್ರಿ, ಕೀಲಿ ಮಾತ್ರ ಕೊಡ್ರಿ."

"ಕೊಡತೀನಿ." ಅವಳ ಮುಖ ನೋಡುತ್ತಾ ಅಂದ, "ಈಗೂ ಅಂಜಿಕಿ ಆಗ್ಯದರಿ."

"ಈಗ ಯಾತಕ್ಕ?"

"ಪ್ರೀತಿ ಮಾಡತೀನಿ ಅಂದೆ. ನೀವು ಒಲ್ಲೆ ಅಂತೀರೇನೋ ಅಂತ."

ವರದಾ ಅವನ ಒದ್ದೆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಅವಳ ಕೈ ಬೆಚ್ಚಗಿತ್ತು.

"ಒಲ್ಲೆ ಅನ್ನಾಕಿ ಆಗಿದ್ರ," ಅಂದಳು, "ಇಂಥಾ ಮಳಿಯೊಳಗ ನಿಮ್ಮನ್ನ ನನ್ನ ಹಿಂದ ಬರ್ರಿ ಅಂತ ಕರೀತಿದ್ದೆನೇನು?"